ಆನೆ ಓಡಿಸಿದ ಅತ್ತೆಯ ಸೊಸೆ

ಅವಳು ಜನರನ್ನು ನಗಿಸಲು ಸ್ಟೇಜ್ ಹತ್ತುವುದನ್ನು ಬಿಟ್ಟು ಎರಡು ವರ್ಷವಾಗುತ್ತ ಬಂತು. ಈಗಲೂ ನನ್ನ ಫೋನಿಗೆ ಕರೆ ಬರುತ್ತದೆ. ಪ್ರೋಗ್ರಾಂ ಗೊತ್ತು ಮಾಡುವವರಿಗೆಲ್ಲ ನನ್ನ ನಂಬರಿಗೇ ಮಾಡಿ ಅಭ್ಯಾಸ. "ಆ ರೋಜಾತೋಟದ ಅಕ್ಕ ಇದಾರಲ್ಲ, ನಮ್ಮ ಸಂಘದ ಫಂಕ್ಷನ್‌ಗೆ ಬರ್ತಾರಾ?" ಎನ್ನುತ್ತಾರೆ. ಬರುವುದಿಲ್ಲ ಎಂದರೆ ಕಾರಣ ಕೇಳುತ್ತಾರೆ. ಹುಷಾರಿಲ್ಲವಾ, ಗಂಡ ಬಿಡಿಸಿದನಾ, ಯಾರಾದರೂ ದೊಡ್ಡವರು ಹೆದರಿಸಿದರಾ ಎಂದು ತಮ್ಮ ತಮ್ಮ ಊಹೆಯನ್ನೂ ಸೇರಿಸುತ್ತಾರೆ. ಅದು ಯಾವುದೂ ಅಲ್ಲ. ಇರುವ ಕಾರಣವನ್ನು ಫೋನಿನಲ್ಲಿ ನಿಂತ ಮೆಟ್ಟಿಗೆ ಹೇಳಲು ಬರುವುದಿಲ್ಲ. ಹಾಗಾಗಿ ಬರೆಯಲು ಕೂತೆ.

ಬರೆಯುತ್ತೇನೆ ಎಂದು ಹೇಳಿದಾಗ ಅವಳು ಬೇಡವೆನ್ನಲಿಲ್ಲ. ಹೆಸರು ಮಾತ್ರ ಹಾಕಬೇಡ ಎಂದಳು. "ಹೆಸ್ರು ಹಾಕುದ್ರೆ ಹೊಗಳ್ಬೇಕಾಯ್ತದೆ ಕಣಮ್ಮ. ಹೆಸ್ರಿಲ್ದಿದ್ರೆ ಇದ್ದಂಗೆ ಬರೀಬೋದು."

ನಾನು ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಹತ್ತಿರದ ಬಾಗಲೂರಿನವಳು. ಡಿಪ್ಲೊಮಾ ಮುಗಿಸಿ ತಳಿ ಎಂಬ ಊರಿನ ಹತ್ತಿರದ ಒಂದು ಗುಲಾಬಿ ತೋಟದಲ್ಲಿ ಸೂಪರ್‌ವೈಸರ್ ಆಗಿ ಸೇರಿದ್ದೆ. ತಳಿ ಕಡೆ ಹವೆ ತಂಪು, ಗುಲಾಬಿಗೆ ಅದೇ ಬೇಕು. ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಮನೆಗಳಲ್ಲಿ ಹೂ ಬೆಳೆದು, ಕತ್ತರಿಸಿ ತಂದು, ಗ್ರೇಡಿಂಗ್ ಹಾಲಿನಲ್ಲಿ ಕಾಂಡದ ಉದ್ದ ನೋಡಿ ವಿಂಗಡಿಸಿ, ಕಟ್ಟು ಕಟ್ಟಿ ತಂಪು ಕೋಣೆಗೆ ಕಳಿಸುತ್ತಿದ್ದರು. ಹಾಲಿನಲ್ಲಿ ಇದ್ದವರೆಲ್ಲ ಸುತ್ತಮುತ್ತಲ ಹಳ್ಳಿಗಳ ಹೆಂಗಸರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ಹಾಕಿ, ತಲೆಗೆ ಟವೆಲ್ ಸುತ್ತಿ, ಮುಳ್ಳು ಚುಚ್ಚದ ಹಾಗೆ ಕೈಗವಸು ತೊಟ್ಟು ನಿಲ್ಲುತ್ತಿದ್ದರು. ಅವಳೂ ಅವರಲ್ಲಿ ಒಬ್ಬಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಎತ್ತರದ ಆಳು, ಕಪ್ಪು ಬಣ್ಣ, ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದು. ಎಂಟನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ್ದಳು. ತಮಿಳು, ತೆಲುಗು ಎರಡನ್ನೂ ಕೆಲಸದ ಜಾಗಗಳಲ್ಲೇ ಕಲಿತವಳು.

ಮೊದಲ ತಿಂಗಳು ಅವಳು ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಅವಳು ನಿಂತ ಟೇಬಲ್ಲಿನ ಸುತ್ತ ಮಾತ್ರ ಯಾವಾಗಲೂ ಕಿಸಕ್ಕೆನ್ನುವ ಸದ್ದು. ನಾನು ಹೋದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅವಳು ತಲೆ ತಗ್ಗಿಸಿ ಹೂ ಎಣಿಸುತ್ತಿರುತ್ತಿದ್ದಳು. ಅವಳ ಮುಖದಲ್ಲಿ ನಗುವಿನ ಗುರುತೂ ಇರುತ್ತಿರಲಿಲ್ಲ. ಸದ್ದು ಎಲ್ಲಿಂದ ಹುಟ್ಟುತ್ತಿದೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಆ ವರ್ಷದ ಆಯುಧಪೂಜೆಗೆ ಮಾಲೀಕರು ಹೊಸೂರಿನಿಂದ ಒಂದು ಆರ್ಕೆಸ್ಟ್ರಾ ಕರೆಸಿದ್ದರು. ಶಾಮಿಯಾನ ಹಾಕಿ, ಮೈಕ್ ಕಟ್ಟಿ, ಜನ ಕೂತಾಯಿತು. ಹಾಡುವವರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ಕಾದು ಕಾದು ಜನ ಎದ್ದು ಹೋಗುವ ಹಾಗಾದಾಗ, ಅವಳ ಟೇಬಲ್ಲಿನ ಹೆಂಗಸರು ಅವಳನ್ನು ತಳ್ಳಿಕೊಂಡು ಬಂದು ಮೈಕಿನ ಮುಂದೆ ನಿಲ್ಲಿಸಿಬಿಟ್ಟರು. ಅವಳು ಕೆಲಸದ ಉಡುಪಿನಲ್ಲೇ ಇದ್ದಳು. ಕೈಗವಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಮಾಲೀಕರು ಕೂತಿದ್ದ ಸೋಫಾದ ಕಡೆ ಒಮ್ಮೆ ನೋಡಿದಳು.

"ಇಲ್ಲಿ ಮೇನೇಜರ್ ಸಾರು ನಮ್ಮನ್ನ ತಮಿಳ್ನಲ್ಲಿ ಬೈತಾರೆ," ಎಂದಳು. "ಮೇಸ್ತ್ರಿ ತೆಲುಗಲ್ಲಿ ಬೈತಾನೆ. ಮನೆಗೋದ್ರೆ ನಮ್ಮತ್ತೆ ಕನ್ನಡದಲ್ಲಿ ಬೈತಾಳೆ. ಈ ಸುತ್ನಲ್ಲಿ ಯಾರೂ ಬೈಯ್ದೇ ಇರೋದು ಅಂದ್ರೆ ರೋಜಾ ಗಿಡ ಒಂದ್ನೇ. ಅದ್ಕೇ ನೋಡಿ ಹೆಂಗ್ ಮೈ ತುಂಬ್ಕೊಂಡದೆ!"

ಮೊದಲು ಹೆಂಗಸರು ನಕ್ಕರು. ಆಮೇಲೆ ಮೇಸ್ತ್ರಿ ನಕ್ಕ. ಮಾಲೀಕರು ನಗಬೇಕೋ ಬೇಡವೋ ಎಂದು ಮೇನೇಜರ್ ಮುಖ ನೋಡಿ, ಅವರು ನಗುವುದನ್ನು ಕಂಡು ತಾವೂ ನಕ್ಕರು. ಅವಳು ಮುಂದುವರಿದಳು.

"ಈ ಹೂವು ಇಲ್ಲಿಂದ ಎಸಿ ಗಾಡೀಲಿ ಹೋಯ್ತದೆ, ಆಮೇಲೆ ಪ್ಲೇನಲ್ಲಿ ಹೋಯ್ತದೆ. ಇದನ್ನ ಕುಯ್ದೋಳು ಟೆಂಪೋಲಿ ನಿಂತ್ಕೊಂಡು ಹೋಯ್ತಾಳೆ. ಅಲ್ಲಿ ಫಾರಿನ್ನಲ್ಲಿ ಯಾವನೋ ಮಂಡಿಯೂರಿ ಹೆಂಡ್ತಿಗೆ ಕೊಡ್ತಾನಂತೆ ಇದ್ನ. ನಮ್ಮೆಜಮಾನ್ರು ಮಂಡಿಯೂರಿದ್ದು ನಾನು ಒಂದೇ ಸಲ ಕಂಡಿರೋದು. ಮಂಚದ ಕೆಳಗೆ ಚಪ್ಪಲಿ ಹುಡುಕೋವಾಗ."

ಆರ್ಕೆಸ್ಟ್ರಾದವರು ಬಂದಾಗ ಜನ ಅವರನ್ನು ಕಾಯಿಸಿದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಎರಡು ದಿನದಲ್ಲಿ ಆ ತುಣುಕು ಡೆಂಕಣಿಕೋಟೆ, ಹೊಸೂರು ಎಲ್ಲ ಸುತ್ತಿ ನಮ್ಮ ಬಾಗಲೂರಿನ ಮನೆಗೂ ಬಂತು. ನಮ್ಮ ತಂದೆ ನನಗೇ ತೋರಿಸಿ, "ನಿಮ್ ಕಡೆಯೋಳಂತೆ, ಗೊತ್ತೇನಮ್ಮ?" ಎಂದು ಕೇಳಿದರು.

ಅಲ್ಲಿಂದ ಕರೆಗಳು ಶುರುವಾದವು. ಫ್ಯಾಕ್ಟರಿಗಳ ಆಯುಧಪೂಜೆ, ಮಹಿಳಾ ಸಂಘಗಳ ವಾರ್ಷಿಕ ಸಭೆ, ಪೊಂಗಲ್, ಮದುವೆಯ ರಿಸೆಪ್ಷನ್. ಅವಳ ಗಂಡ ತಳಿಯಿಂದ ಮುಂದೆ ಒಂದು ಹಳ್ಳಿಯಲ್ಲಿ ಕೋಸು, ಹುರುಳಿಕಾಯಿ, ರಾಗಿ ಬೆಳೆಯುವವರು. ಮಾತು ಕಡಿಮೆ. ಹೋಗಬೇಡ ಎಂದು ಅವರು ಹೇಳಲಿಲ್ಲ. "ಒಬ್ಳೇ ಬೇಡ. ಆ ಸೂಪರ್‌ವೈಸರಮ್ಮ ಜೊತೇಲಿ ಬಂದ್ರೆ ಹೋಗು" ಎಂದರಂತೆ. ಹೀಗೆ ನನ್ನನ್ನು ಕೇಳದೆಯೇ ನನಗೊಂದು ಎರಡನೇ ಕೆಲಸ ಸಿಕ್ಕಿತು. ಮದುವೆಯಾಗಿ, ಮಗುವಾಗಿ, ಬೇರೆ ತೋಟಕ್ಕೆ ಬದಲಾಯಿಸಿಕೊಂಡ ಮೇಲೂ ನಾನು ಅದನ್ನು ಬಿಡಲಿಲ್ಲ.

ಜೊತೆಯಲ್ಲಿ ಓಡಾಡಿ ತಿಳಿದದ್ದು: ಜನರನ್ನು ನಗಿಸುವವಳ ಜೊತೆ ಪ್ರಯಾಣ ಮಾಡುವುದು ಬಹಳ ಬೇಸರದ ಕೆಲಸ. ಬಸ್ಸು ಹತ್ತಿದ ಕೂಡಲೇ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದಳು. ಎದ್ದರೆ ಕೋಸಿನ ರೇಟಿನ ಮಾತು. ಪ್ರೋಗ್ರಾಂಗೆ ಮುಂಚೆ ಮಜ್ಜಿಗೆ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಜರಿ ಸೀರೆ ಉಟ್ಟುಕೋ ಎಂದು ಕೆಲವು ಕಡೆ ಹೇಳುತ್ತಿದ್ದರು. ಅವಳು ಅದೇ ಶರ್ಟು, ಅದೇ ಟವೆಲ್ಲು. ವಾರದಲ್ಲಿ ಮೂರು ನಾಲ್ಕು ದಿನ ತೋಟದ ಕೆಲಸಕ್ಕೂ ಹೋಗುತ್ತಿದ್ದಳು. ಸಾಕಾಗಲ್ವಾ ಅಕ್ಕ ಎಂದರೆ, "ಕೆಲ್ಸಕ್ಕೋಗ್ದೆ ಕೂಲಿಯೋಳು ಅಂತ ಹೆಂಗ್ ನಿಂತ್ಕಳ್ಲಿ?" ಎನ್ನುತ್ತಿದ್ದಳು.

ಸ್ಟೇಜಿನ ಮೇಲೆ ನಿಂತ ತಕ್ಷಣ ಅವಳು ಹುಡುಕುತ್ತಿದ್ದುದು ನಗದೇ ಕೂತವರನ್ನು. ನಗದವರನ್ನು ಕಂಡರೆ ಕೆಲವು ಹಾಸ್ಯಗಾರರು ಗೇಲಿ ಮಾಡುತ್ತಾರೆ. ಅವಳು ಮಾಡುತ್ತಿರಲಿಲ್ಲ. "ಕಾಲ್ ನೋಯ್ತಿರ್ತದೆ, ಮನೇಲಿ ಏನೋ ಆಗಿರ್ತದೆ" ಎಂದು ಬಿಟ್ಟುಬಿಡುತ್ತಿದ್ದಳು. ಆದರೆ ಕೆಣಕಿದವರನ್ನು ಬಿಡುತ್ತಿರಲಿಲ್ಲ. ಬಾಗಲೂರು ರಸ್ತೆಯ ಒಂದು ಫ್ಯಾಕ್ಟರಿಯ ಫ್ಯಾಮಿಲಿ ಡೇಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಹೆಂಗಸ್ರಿಗೆ ಇದೆಲ್ಲಾ ಬೇಕಾ? ಮನೇ ಮಾತೆಲ್ಲಾ ಮೈಕಲ್ಲಿ ಹೇಳ್ತಾಳೆ!"

ಅವಳು ಅವನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದಳು. "ಅಣ್ಣಾ, ನಿಮ್ಮನೆ ಹೆಂಗಸ್ರೂ ಇದೇ ಮಾತೇ ಆಡೋದು. ನೀವಿಲ್ದಾಗ ಆಡ್ತಾರೆ. ಇವತ್ತು ನೀವ್ ಇದ್ದೀರ, ಅಷ್ಟೇಯ."

ಅವನ ಪಕ್ಕದಲ್ಲಿ ಕೂತ ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡದ್ದನ್ನು ನಾನು ನೋಡಿದೆ.

ಈ ಗಡಿಯ ಊರಿನಲ್ಲಿ ಎಲ್ಲರಿಗೂ ಇರುವ ಒಂದು ಪಾಡನ್ನು ಅವಳು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. "ಬಾರ್ಡರ್ ದಾಟಿ ಆ ಕಡೆ ಹೋದ್ರೆ ನನ್ನ ತಮಿಳ್ನಾಡೋಳು ಅಂತಾರೆ. ಈ ಕಡೆ ಕೃಷ್ಣಗಿರಿಗೋದ್ರೆ ಕನ್ನಡಕ್ಕಾರಿ ಅಂತಾರೆ. ಬಸ್ ಕಂಡಕ್ಟ್ರು ಒಬ್ರೇ, 'ಯಾವೂರಾದ್ರೂ ಆಗ್ಲಿ ಒಳಕ್ಕೋಗಮ್ಮ' ಅನ್ನೋರು."

ಆದರೆ ಜನ ಕಾಯುತ್ತಿದ್ದುದು ಅವಳ ಅತ್ತೆಯ ಕತೆಗೆ. ಆ ಅತ್ತೆ ಬೆಲ್ಲ ಬಚ್ಚಿಡುತ್ತಾಳೆ, ಎಲ್ಲಿಟ್ಟೆ ಎಂದು ಮರೆಯುತ್ತಾಳೆ, ಆಮೇಲೆ ಇರುವೆ ಸಾಲಿನ ಹಿಂದೆ ಹೋಗಿ ಹುಡುಕುತ್ತಾಳೆ. ಸಿಕ್ಕದಿದ್ದರೆ ಸೊಸೆ ಕದ್ದಳು ಎನ್ನುತ್ತಾಳೆ, ಸಿಕ್ಕಿದರೆ ಇರುವೆ ತಿಂದು ಕಡಿಮೆಯಾಗಿದ್ದಕ್ಕೂ ಸೊಸೆಯನ್ನೇ ಬೈಯುತ್ತಾಳೆ. ಎಲ್ಲಕ್ಕಿಂತ ದೊಡ್ಡದು ಆನೆಯ ಕತೆ.

"ನಮ್ ರಾಗಿ ಹೊಲಕ್ಕೆ ಆನೆ ಬಂತು. ಪಟಾಕಿ ಹೊಡುದ್ರು, ಹೋಗ್ಲಿಲ್ಲ. ತಮಟೆ ಬಾರ್ಸುದ್ರು, ಹೋಗ್ಲಿಲ್ಲ. ಫಾರೆಸ್ಟ್‌ನೋರು ಬಂದು ಲೈಟ್ ಬುಟ್ರು, ಹೋಗ್ಲಿಲ್ಲ. ಆಮೇಲೆ ನಮ್ಮತ್ತೆ ಎದ್ದು ಬಂದ್ಲು. ಮೊರ ಹಿಡ್ಕೊಂಡು 'ಯಾವನ್ಲಾ ಅದು?' ಅಂದ್ಲು. ಆನೆ ಹಿಂದಕ್ಕೂ ನೋಡ್ದೆ ಓಡ್ತು. ಎಲ್ಲಿಗೋಯ್ತು ಅಂತೀರ? ಸೀದಾ ಸಾನಮಾವು ಕಾಡಿಗೋಗಿ ಫಾರೆಸ್ಟ್ ಆಫೀಸಲ್ಲಿ ಕಂಪ್ಲೇಂಟ್ ಕೊಡ್ತು!"

ಇದನ್ನು ಹೇಳುವಾಗ ಅವಳ ಬೆನ್ನು ಬಾಗುತ್ತಿತ್ತು, ಗಂಟಲು ಒಡೆಯುತ್ತಿತ್ತು, ಎಡಗೈ ಸೊಂಟದ ಮೇಲೆ ಹೋಗುತ್ತಿತ್ತು. ನಮ್ಮೆದುರಿಗೆ ಎಪ್ಪತ್ತು ದಾಟಿದ ಒಬ್ಬ ಮುದುಕಿ ನಿಂತಿರುತ್ತಿದ್ದಳು.

ಆ ನಿಜವಾದ ಅತ್ತೆಗೆ ಇದು ಯಾವುದೂ ಗೊತ್ತಿರಲಿಲ್ಲ. ಆಕೆಯ ಹತ್ತಿರ ಫೋನ್ ಇರಲಿಲ್ಲ. ಸೊಸೆ ಮಹಿಳಾ ಸಂಘದ ಮೀಟಿಂಗುಗಳಲ್ಲಿ ಕೈ ತೊಳೆಯುವುದು, ನೀರು ಕಾಯಿಸಿ ಕುಡಿಯುವುದು ಇಂಥದ್ದರ ಬಗ್ಗೆ ಮಾತಾಡಲು ಹೋಗುತ್ತಾಳೆ ಎಂದು ಮನೆಯವರು ನಂಬಿಸಿದ್ದರು. ಊರಿಗೆಲ್ಲ ಗೊತ್ತಿದ್ದದ್ದನ್ನು ಊರೆಲ್ಲ ಸೇರಿ ಆಕೆಯೊಬ್ಬಳಿಂದ ಮುಚ್ಚಿಟ್ಟಿತ್ತು. ಆಕೆಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲವೋ ಏನೋ.

ಒಂದು ಸಲ ತಳಿಯ ಕಲ್ಯಾಣ ಮಂಟಪದಲ್ಲಿ ಮಹಿಳಾ ಸಂಘಗಳ ದೊಡ್ಡ ಸಮಾವೇಶ. ಮಧ್ಯಾಹ್ನದ ಊಟವಾದ ಮೇಲೆ ಇವಳ ಕಾರ್ಯಕ್ರಮ. ಇವಳು ಮೈಕ್ ಹಿಡಿದು ನಾಲ್ಕು ಮಾತಾಡುವುದರೊಳಗೆ ಬಾಗಿಲಲ್ಲಿ ಒಂದು ಗುಂಪು ಬಂತು. ಹಳ್ಳಿಯಿಂದ ಜೀಪಿನಲ್ಲಿ ಬಂದ ಹೆಂಗಸರು. ಅವರ ನಡುವೆ ಕೋಲೂರಿಕೊಂಡು ಅತ್ತೆ. ವಯಸ್ಸಾದವರೆಂದು ಸಂಘದವರು ಕರೆದುಕೊಂಡು ಬಂದು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂರಿಸಿದರು.

ನಾನು ಪಕ್ಕದಲ್ಲಿ ನಿಂತಿದ್ದೆ. ಅವಳ ಕತ್ತಿನಲ್ಲಿ ಬೆವರು ಇಳಿಯುವುದು ಕಾಣಿಸಿತು. ಹಿಂದಿನಿಂದ ಜನ, "ಅಕ್ಕಾ, ಅತ್ತೆ ಕತೆ! ಅತ್ತೆ ಕತೆ!" ಎಂದು ಕೂಗಲು ಶುರುಮಾಡಿದರು. ಅತ್ತೆ ಹಿಂದಕ್ಕೆ ತಿರುಗಿ, ಯಾರ ಅತ್ತೆಯ ಕತೆ ಎನ್ನುವ ಹಾಗೆ ನೋಡಿದಳು.

ಇವಳು ಮಜ್ಜಿಗೆ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ಹೇಳಿದಳು. "ಅತ್ತೆ ಕತೆ ಯಾವಾಗ್ಲೂ ಇದ್ದದ್ದೇ. ಇವತ್ತು ನಮ್ಮವ್ವನ ಕತೆ ಹೇಳ್ತೀನಿ."

ಅದೇ ಬೆಲ್ಲ, ಅದೇ ಇರುವೆ, ಅದೇ ಆನೆ. ಅತ್ತೆ ಎಂದಿದ್ದ ಕಡೆಯೆಲ್ಲ ತನ್ನ ಹೆತ್ತ ತಾಯಿಯನ್ನು ತಂದು ಕೂರಿಸಿ ಪೂರಾ ಹೇಳಿ ಮುಗಿಸಿದಳು. ಒಂದು ಕಡೆಯೂ ನಾಲಿಗೆ ತಪ್ಪಲಿಲ್ಲ. ಜನ ಎಂದಿನಂತೆ ನಕ್ಕರು. ಮುಂದಿನ ಸಾಲಿನಲ್ಲಿ ಅತ್ತೆ ಕೋಲಿನ ಮೇಲೆ ಗದ್ದ ಇಟ್ಟು ಕೂತಿದ್ದಳು. ನಗಲಿಲ್ಲ. ಆನೆ ಓಡಿದಾಗ ಆಕೆಯ ತುಟಿ ಬಿಗಿಯಾಯಿತು.

ವಾಪಸ್ಸು ಅದೇ ಜೀಪಿನಲ್ಲಿ ಎಲ್ಲರೂ ಹೋದೆವು. ಅತ್ತೆ ಮನೆ ಮುಂದೆ ಇಳಿದು, ಜಗಲಿಯ ಮೇಲೆ ಕೂತು, ಕೋಲನ್ನು ಗೋಡೆಗೆ ಒರಗಿಸಿ ಶುರುಮಾಡಿದಳು.

"ಲೇ, ಬೆಲ್ಲ ಬಚ್ಚಿಡೋಳು ಯಾರೆ?"

ಇವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಅತ್ತೆ."

"ಏನ್ ತಪ್ಪಾಯ್ತು? ಬೆಲ್ಲ ಬಚ್ಚಿಡೋಳು ನಾನು. ಹೆಸ್ರು ನಿಮ್ಮವ್ವಂಗಾ? ಆನೆ ಮುಂದೆ ಮೊರ ಹಿಡ್ಕೊಂಡು ನಿಂತೋಳು ನಾನು. ಆವತ್ತು ನಿನ್ ಗಂಡ ಅಟ್ಟದ ಮೇಲಿದ್ದ, ಕೇಳವನ್ನ! ನಿಮ್ಮವ್ವ ಆನೆ ಓಡ್ಸಿದ್ಲಾ? ನಿಮ್ಮವ್ವ ಬೆಕ್ ಓಡ್ಸಿದ್ದೂ ನಾ ಕಾಣೆ!"

ಇವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ ಅಷ್ಟೆ. ಅತ್ತೆಯ ಸಿಟ್ಟು ತನ್ನನ್ನು ಗೇಲಿ ಮಾಡಿದರು ಎಂದಲ್ಲ, ಅಷ್ಟು ಜನರ ಮುಂದೆ ತನ್ನ ಪಾಲಿನದನ್ನು ಬೀಗತಿಗೆ ದಾನ ಮಾಡಿಬಿಟ್ಟಳು ಎಂದು.

"ಮುಂದಿನ್ ಸಲ ನಿಮ್ ಹೆಸ್ರೇ ಹೇಳ್ತೀನಿ ಅತ್ತೆ" ಎಂದಳು ಇವಳು.

"ಹೇಳು. ಆಮೇಲೆ ನಾನು 'ಯಾವನ್ಲಾ' ಅನ್ನಲ್ಲ. 'ಯಾವೋನ್ಲಾ ಅವ್ನು' ಅಂತೀನಿ. ಅಷ್ಟೂ ಬರಲ್ವಾ ನಿಂಗೆ? ಮತ್ತೆ ನನ್ ಸೊಂಟದ್ ಮೇಲೆ ಬಲಗೈ ಇರೋದು, ಎಡಗೈ ಅಲ್ಲ."

ಅವತ್ತಿನಿಂದ ಪ್ರತಿ ಪ್ರೋಗ್ರಾಂ ಆದ ಮೇಲೆ ಮನೆಯಲ್ಲಿ ವಿಚಾರಣೆ. ಎಲ್ಲಿ, ಯಾರ ಮುಂದೆ, ಯಾವುದಕ್ಕೆ ನಕ್ಕರು, ಯಾವುದಕ್ಕೆ ನಗಲಿಲ್ಲ. ಕೇಳಿಸಿಕೊಂಡು, ಇದು ಉದ್ದವಾಯಿತು, ಇದನ್ನು ಮುಂದೆ ಹೇಳಬೇಕಿತ್ತು ಎಂದು ಅತ್ತೆ ತಿದ್ದುತ್ತಿದ್ದಳು. ತಿದ್ದುವುದರ ಜೊತೆಗೆ ಸೊಸೆಯ ಮೇಲೆ ತಾನೂ ಕತೆ ಕಟ್ಟುತ್ತಿದ್ದಳು. ಸೊಸೆಯ ಮುದ್ದೆ ಎಸೆದರೆ ಆನೆಯ ತಲೆ ಒಡೆಯುತ್ತದೆ, ಆನೆ ಓಡಿದ್ದು ತನ್ನನ್ನು ಕಂಡಲ್ಲ, ಒಳಗೆ ಮುದ್ದೆ ಬೇಯುವ ವಾಸನೆಗೆ ಎಂದು. ಇವಳು ಅದನ್ನೂ ಒಯ್ದು ಸ್ಟೇಜಿನ ಮೇಲೆ ಹೇಳಿದಳು. ಹಾಗೆ ಒಬ್ಬಳ ಕಾರ್ಯಕ್ರಮ ಇಬ್ಬರ ಜಗಳವಾಯಿತು. ಇವಳು ಒಂದು ಹೇಳಿ, ಬಾಗಿ ಅತ್ತೆಯಾಗಿ ಅದಕ್ಕೆ ತಿರುಗುಮಾತು ಕೊಟ್ಟು, ಮತ್ತೆ ನೆಟ್ಟಗೆ ನಿಂತು ಸೊಸೆಯಾಗುತ್ತಿದ್ದಳು. ಆ ಮೇಲಿನ ವರ್ಷಗಳೇ ಅವಳ ಒಳ್ಳೆಯ ವರ್ಷಗಳು.

ಬೆಂಗಳೂರಿನ ಒಂದು ಟೀವಿಯವರು ತಮ್ಮ ಹಾಸ್ಯ ಸ್ಪರ್ಧೆಗೆ ಕರೆದದ್ದೂ ಆಗಲೇ. ದೊಡ್ಡ ಸ್ಟುಡಿಯೋ, ತಣ್ಣಗೆ ಕೊರೆಯುವ ಎಸಿ. ಅವಳನ್ನು ನೋಡಿಕೊಳ್ಳಲು ನೇಮಿಸಿದ್ದ ನಿರ್ದೇಶಕ ಒಳ್ಳೆಯ ಮಾತಿನವನು. ಶರ್ಟು ಟವೆಲ್ಲು ಚೆನ್ನಾಗಿದೆ ಎಂದ. ಹಲ್ಲಿಗೆ ಒಂಚೂರು ಕಪ್ಪು ಬಳಿಯೋಣ ಎಂದ. ಮಾತಿನಲ್ಲಿ ತಮಿಳು ಕಡಿಮೆ ಮಾಡಿ, ಹಳ್ಳಿ ಜಾಸ್ತಿ ಮಾಡಿ ಎಂದ.

"ಇದೇ ನಮ್ ಹಳ್ಳಿ ಮಾತು ಸಾರ್" ಎಂದಳು ಇವಳು.

"ಅದು ಸರಿ ಅಮ್ಮ. ಆದ್ರೆ ನೋಡೋರಿಗೆ ಹಳ್ಳಿ ಅನ್ನಿಸ್ಬೇಕಲ್ಲ. ಸ್ವಲ್ಪ ಪೆದ್ದುಪೆದ್ದಾಗಿ ಬನ್ನಿ. ಮೈಕ್ ನೋಡಿ ಹೆದರ್ಕೊಂಡು, ಎಡವಿ ಬೀಳಿ."

ಅವಳು ನನ್ನ ಮುಖ ನೋಡಿದಳು. ಅಷ್ಟು ದೂರ ಬಂದಿದ್ದೆವು. ಊರಿಗೆಲ್ಲ ಹೇಳಿ ಬಂದಿದ್ದೆವು. ಅವಳು ಬಂದಳು, ಮೈಕ್ ನೋಡಿ ಹೆದರಿದಳು, ಎಡವಿ ಬಿದ್ದಳು. ತೀರ್ಪು ಕೊಡಲು ಕೂತಿದ್ದ ದೊಡ್ಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರಕ್ಕೂ ಆಯ್ಕೆಯಾದಳು.

ಅದು ಟೀವಿಯಲ್ಲಿ ಬಂದ ದಿನ ನಾನು ಅವಳ ಮನೆಯಲ್ಲಿದ್ದೆ. ಪಡಸಾಲೆಯಲ್ಲಿ ಅರ್ಧ ಊರು ಸೇರಿತ್ತು. ಅವಳು ಬಿದ್ದಾಗ ಊರಿನವರೂ ನಕ್ಕರು. ಮುಗಿದ ಮೇಲೆ ಎಲ್ಲರೂ ಎದ್ದು ಹೋಗುವ ತನಕ ಅತ್ತೆ ಕಾದಳು.

"ಯಾಕೆ ಬಿದ್ದೆ?"

"ಅವ್ರು ಬೀಳು ಅಂದ್ರು ಅತ್ತೆ."

"ನಮ್ಮನೆಗೆ ಬಂದು ಇಷ್ಟ್ ವರ್ಷ ಆಯ್ತು, ಯಾವತ್ತಾದ್ರೂ ಬಿದ್ದಿದ್ದೀಯಾ? ಹೊಳೆ ದಾಟ್ಕೊಂಡು ಸೌದೆ ಹೊತ್ಕೊಂಡ್ ಬರ್ತಿದ್ದೋಳು, ಅಲ್ಲಿ ಸಿಮೆಂಟ್ ನೆಲದ್ ಮೇಲೆ ಯಾಕೆ ಬಿದ್ದೆ? ನನ್ ಸೊಸೆ ಪೆದ್ದಿ ಅಂತ ನಾನ್ ಅಂತೀನಿ. ಊರೋರೆಲ್ಲಾ ಅನ್ನಕ್ಕೆ ಅವ್ರೇನ್ ಅತ್ತೇನಾ?"

ಮುಂದಿನ ವಾರ ಅವಳು ಹೋಗಲಿಲ್ಲ. ಅವರು ಎಷ್ಟೋ ಸಲ ಫೋನ್ ಮಾಡಿದರು. ಕಡೆಗೊಮ್ಮೆ ಅವಳೇ ತೆಗೆದುಕೊಂಡು, "ಸಾರ್, ನಾನು ಬುದ್ವಂತೆ ಸಾರ್. ಅದು ಬುಟ್ರೆ ನನ್ ಹತ್ರ ಬೇರೆ ಬಂಡವಾಳ ಇಲ್ಲ" ಎಂದು ಇಟ್ಟಳು. ಅವಳ ಜಾಗಕ್ಕೆ ಬಂದವರು ಈಗ ಹೆಸರುವಾಸಿಯಾಗಿದ್ದಾರೆ. ಅದರ ಬಗ್ಗೆ ಅವಳು ಒಂದು ದಿನವೂ ಕೊರಗಿದ್ದನ್ನು ನಾನು ಕಾಣೆ. ಆದರೆ ಬಸ್ಸಿನಲ್ಲಿ ಯಾರಾದರೂ "ಟೀವಿಲಿ ಬಿದ್ದಿದ್ರಲ್ಲ, ಅವ್ರೇ ತಾನೇ?" ಎಂದು ಗುರುತಿಸಿದರೆ ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತಿದ್ದಳು.

ಆಮೇಲೊಂದು ಮಳೆಗಾಲ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಹೊಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆದರೆ ಆಕೆ ಮತ್ತೆ ಎದ್ದು ನಡೆಯಲಿಲ್ಲ. ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದರು. ಸೊಸೆ ತೋಟದ ಕೆಲಸ ಬಿಟ್ಟಳು. ಮೈ ಒರೆಸುವುದು, ಬಟ್ಟೆ ಬದಲಾಯಿಸುವುದು, ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು ಎಲ್ಲ ಅವಳದೇ. ಪ್ರೋಗ್ರಾಂ ಇದ್ದ ದಿನ ಪಕ್ಕದ ಮನೆಯವರನ್ನು ಕೂರಿಸಿ ಬರುತ್ತಿದ್ದಳು. ಬೇಡವೆಂದರೂ ಅತ್ತೆಯೇ ಕಳಿಸುತ್ತಿದ್ದಳು.

ನಾನು ನೋಡಲು ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡು ದೂರು ಹೇಳಿದಳು. "ಇವ್ಳು ನನ್ನ ರೋಜಾ ಅನ್ಕೊಂಡವ್ಳೆ ಕಣಮ್ಮ. ಹಿಂಗ್ ತಿರುಗ್ಸ್ತಾಳೆ, ಹಂಗ್ ತಿರುಗ್ಸ್ತಾಳೆ, ಉದ್ದ ನೋಡ್ತಾಳೆ. ಯಾವ್ ಗ್ರೇಡ್‌ಗೆ ಹಾಕ್ತಾಳೋ ಏನೋ!"

"ಫಾರಿನ್‌ಗೆ ಕಳ್ಸೋ ಗ್ರೇಡ್ ಅಲ್ಲ ಬುಡಿ ಅತ್ತೆ. ಮುಳ್ಳು ಜಾಸ್ತಿ" ಎಂದಳು ಸೊಸೆ, ಬಿಸಿನೀರಿನಲ್ಲಿ ಬಟ್ಟೆ ಹಿಂಡುತ್ತ.

ಅತ್ತೆ ನಗುತ್ತ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಇದ್ನ ಹೇಳು ಅಲ್ಲಿ" ಎಂದಳು. ಆ ವಾರವೇ ಇವಳು ಹೇಳಿದಳು.

ರಾಗಿ ಕೊಯ್ಲಿನ ಕಾಲದಲ್ಲಿ ಒಂದು ಬೆಳಗ್ಗೆ ಅತ್ತೆ ಕಾಫಿ ಕುಡಿದು, ಸಕ್ಕರೆ ಕಮ್ಮಿ ಎಂದು ಬೈದು, ಮಲಗಿದವಳು ಹಾಗೇ ಹೋದಳು. ಇವಳು ಅತ್ತಳು, ಎಲ್ಲರೂ ಅಳುವಷ್ಟು. ತಿಥಿಯ ದಿನ ನೂರಾರು ಜನಕ್ಕೆ ನಿಂತು ಬಡಿಸಿದಳು.

ಅವಳು ಅಲ್ಲಿಗೇ ನಿಲ್ಲಿಸಿದಳು ಎಂದುಕೊಂಡರೆ ತಪ್ಪು. ಪೊಂಗಲ್ ಆದ ಮೇಲೆ ಮತ್ತೆ ಹೊರಟೆವು. ಕಾರ್ಯಕ್ರಮ ಮೊದಲಿನ ಹಾಗೇ ಇತ್ತು. ಬೆಲ್ಲ ಇತ್ತು, ಆನೆ ಇತ್ತು, ರೋಜಾ ಗ್ರೇಡೂ ಇತ್ತು. ಅತ್ತೆ ತೀರಿಕೊಂಡದ್ದು ಜನಕ್ಕೆ ಗೊತ್ತಿರಲಿಲ್ಲ, ಅವಳು ಹೇಳಲೂ ಇಲ್ಲ. ಅವಳ ದನಿ ನಡುಗಿದ್ದನ್ನು ನಾನು ಎಲ್ಲೂ ಕೇಳಲಿಲ್ಲ. ಬದಲಾದದ್ದು ಒಂದೇ, ವಾಪಸ್ ಬರುವಾಗ ಅವಳು ಬಸ್ಸಿನಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೃಷ್ಣಗಿರಿಯಲ್ಲಿ ಒಂದು ಕಾರ್ಯಕ್ರಮ. ಹಾಲ್ ತುಂಬಿತ್ತು. ಅರ್ಧ ತಮಿಳು, ಅರ್ಧ ಕನ್ನಡ, ನಡುನಡುವೆ ತೆಲುಗು. ಅವಳು ಅಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ಅಪರೂಪವಾಗಿ ನೋಡಿದ್ದೆ. ಮುಗಿಸಿ ಹೊರಗೆ ಬಂದಾಗ ವಯಸ್ಸಾದ ಒಬ್ಬ ಹೆಂಗಸು ಕಾದಿದ್ದಳು. ಕೈಯಲ್ಲಿ ಬಟ್ಟೆಯ ಚೀಲ, ಅದರ ತುಂಬ ಮಾವಿನಹಣ್ಣು. ಅಲ್ಲಿಯ ತೋಟದವಳಿರಬೇಕು.

"ಇದ್ನ ನಿಮ್ಮತ್ತೆಗೆ ಕೊಡವ್ವ" ಎಂದಳು. "ನಮ್ ಮರದ್ದು. ಆವಮ್ಮನ ಮಾತು ಕೇಳ್ತಿದ್ರೆ ನಮ್ಮಕ್ಕನ್ನೇ ಕಂಡಂಗಾಯ್ತದೆ. ಹೆಂಗವ್ಳೆ? ಮಲಗಿದ್ದೋಳು ಎದ್ಲಾ?"

ಇವಳು ಒಂದು ಕ್ಷಣ ಚೀಲ ನೋಡಿದಳು. "ಚೆನ್ನಾಗವ್ಳೆ ಅಮ್ಮ. ಎದ್ ಓಡಾಡ್ತವ್ಳೆ" ಎಂದಳು.

"ನಾನ್ ಕೇಳ್ದೆ ಅಂತ ಹೇಳು."

"ಹೇಳ್ತೀನಿ."

ಬಸ್ಸಿನಲ್ಲಿ ಚೀಲವನ್ನು ಕೆಳಗಿಡದೆ ತೊಡೆಯ ಮೇಲೇ ಇಟ್ಟುಕೊಂಡಳು. ಶೂಲಗಿರಿ ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ, "ಇಷ್ಟ್ ದಿನ ಜನದ್ ಮುಂದೆ ಎಷ್ಟೋ ಸುಳ್ಳೇಳಿದ್ದೀನಿ ಕಣಮ್ಮ. ಆನೆ ಕಂಪ್ಲೇಂಟ್ ಕೊಡ್ತು ಅಂದಿದ್ದೀನಿ. ಅದು ಸುಳ್ಳು ಅಂತ ಅವ್ರ್ಗೂ ಗೊತ್ತು. ಇವತ್ತು ಹೇಳಿದ್ದು ಆವಮ್ಮ ನಿಜ ಅನ್ಕೊಂಡ್ ಹೋದ್ಲು" ಎಂದಳು. ಹೊಸೂರಿನಲ್ಲಿ ಇಳಿದಾಗ ನನಗೆ ಅರ್ಧ ಹಣ್ಣು ಕೊಟ್ಟು, ಉಳಿದದ್ದನ್ನು ತಳಿ ಬಸ್ಸಿಗೆ ಕಾದಿದ್ದವರಿಗೆ ಹಂಚಿಬಿಟ್ಟಳು.

ಅದೇ ಕೊನೆಯ ಕಾರ್ಯಕ್ರಮ. ಆಗ ನನಗೆ ಹಾಗೆ ಅನ್ನಿಸಲಿಲ್ಲ. ಆಮೇಲೆ ಬಂದ ಕರೆಗಳಿಗೆಲ್ಲ ಬೇಡ ಎಂದಳು. ಕೋಸು ಕೀಳುವುದಿದೆ ಎಂದಳು, ಮಂಡಿ ನೋವು ಎಂದಳು. ಕೆಲವು ತಿಂಗಳು ಕಾದು ನಾನೇ ಅವಳ ಊರಿಗೆ ಹೋದೆ. ಅವಳು ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ.

"ಅತ್ತೆ ಇಲ್ಲ ಅಂತ ಹೇಳಿಯೇ ಮಾಡಬಹುದಲ್ಲ ಅಕ್ಕ? ಜನ ಅರ್ಥ ಮಾಡ್ಕೋತಾರೆ" ಎಂದೆ.

"ಜನದ್ದೇನಮ್ಮ, ಅವ್ರು ಒಳ್ಳೇವ್ರು. ಅಯ್ಯೋ ಪಾಪ ಅಂತಾರೆ, ಆಮೇಲೆ ನಗ್ತಾರೆ." ಅವಳು ಕಾಯಿಯ ನಾರು ಎಳೆದು ಹಾಕಿದಳು. "ಆವಮ್ಮ ಇದ್ದಾಗ ನಾನ್ ಒಂದಂದ್ರೆ ಆವಮ್ಮ ಎರಡಂತಿದ್ಲು. ಮನೆಗ್ ಬಂದು ನಾನ್ ಬೈಸ್ಕೊಂತಿದ್ದೆ. ಈಗ ನಾನ್ ಅಂದಿದ್ದೇ ಅಂದಿದ್ದು. ಎದುರು ಮಾತಾಡಕ್ಕಾಗ್ದೋರ ಮೇಲೆ ಆಡೋದು ಜೋಕಲ್ಲ ಕಣಮ್ಮ, ಚಾಡಿ."

"ಹಂಗಾದ್ರೆ ಬೇರೆ ಹೇಳು. ಬಸ್ಸಿನ ವಿಷಯ ಹೇಳು, ತೋಟ, ಗಂಡ..."

"ಕಟ್ಟಿ ನೋಡ್ದೆ. ಬರ್ತದೆ. ಚೆನ್ನಾಗೂ ಬರ್ತದೆ." ಇನ್ನೊಂದು ಕಾಯಿ ಎತ್ತಿಕೊಂಡು ಹೇಳಿದಳು. "ಉದ್ದ ಆಯ್ತು ಅಂತ ಹೇಳೋರಿಲ್ಲ."

ಅದರ ಮೇಲೆ ನಾನು ಒತ್ತಾಯ ಮಾಡಲಿಲ್ಲ. ಅವಳು ಒಳಗೆ ಹೋಗಿ ಸಾರಿಗೆ ಇಟ್ಟಳು, ಊಟ ಮಾಡಿಯೇ ಹೋಗಬೇಕು ಎಂದಳು, ಉಂಡೆವು. ನನ್ನ ಮಗನ ಸ್ಕೂಲಿನ ಬಗ್ಗೆ ವಿಚಾರಿಸಿದಳು. ಹೊರಡುವಾಗ ಒಂದು ಕೋಸು, ಒಂದು ಕಟ್ಟು ಕೊತ್ತಂಬರಿ ಚೀಲಕ್ಕೆ ಹಾಕಿ ಕೊಟ್ಟಳು. ದುಃಖದಲ್ಲಿ ಮುಳುಗಿದವಳ ಹಾಗೇನೂ ಇರಲಿಲ್ಲ.

ಬಸ್ಸು ನಿಲ್ಲುವ ಜಾಗದವರೆಗೆ ಅವಳ ಗಂಡ ಮೊಪೆಡ್‌ನಲ್ಲಿ ಬಿಟ್ಟರು. ಬಸ್ಸು ಬರುವುದು ತಡವಿತ್ತು. ಅವರು ಹೋಗದೆ ಗಾಡಿಗೆ ಒರಗಿ ನಿಂತರು. ಇಷ್ಟು ವರ್ಷದಲ್ಲಿ ಅವರ ಜೊತೆ ನಾನು ಹತ್ತು ಮಾತಾಡಿದ್ದೆನೋ ಇಲ್ಲವೋ. ಏನಾದರೂ ಆಡಬೇಕೆಂದು, "ಅಕ್ಕ ಮತ್ತೆ ಹೋಗ್ಲಿ ಅಂತ ನಿಮಗೆ ಅನ್ನಿಸಲ್ವಾ ಅಣ್ಣ?" ಎಂದೆ.

"ಹೋದ್ರೆ ಹೋಗ್ಲಿ, ನಾನೇನ್ ಬ್ಯಾಡ ಅಂದಿಲ್ಲ" ಎಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಾತು ಮುಗಿಯಿತು ಎಂದುಕೊಂಡೆ. ಬಸ್ಸಿನ ಸದ್ದು ತಿರುವಿನಲ್ಲಿ ಕೇಳುವಾಗ ಅವರೇ ಮತ್ತೆ ಬಾಯಿ ಬಿಟ್ಟರು.

"ಹೊರ್ಗಡೆ ಜನ ಕೇಳಿದ್ದು ವರ್ಷಕ್ಕೊಂದ್ಸಲ, ಎರಡ್ಸಲ. ನಮ್ಮನೇಲಿ ದಿನಾ ಇತ್ತಲ್ಲಮ್ಮ. ಅವ್ವ ಬೈಯೋದು, ಇವ್ಳು ತಿರುಗ್ಸಿ ಕೊಡೋದು. ನಾನು ನಡುವೆ ತಟ್ಟೆ ಇಟ್ಕೊಂಡು ಕೂತಿರ್ತಿದ್ದೆ. ಈಗ ಉಣ್ಣೋವಾಗ ನಾನ್ ಮುದ್ದೆ ನುಂಗೋ ಸದ್ದು ನಂಗೇ ಕೇಳ್ತದೆ."